ಬ್ಯೂಟಿ ಪಾರ್ಲರ್ ನಡೆಸುವ ನಮಗೂ ಒಂದು ಪರೀಕ್ಷೆ ಇಡಿ

ಇವರಿಗೆ,
ಮಾನ್ಯ ಸಚಿವರು,
ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ, ನಮಸ್ಕಾರ.

ನಾನು ಬಾಗಲಕೋಟೆಯ ನವನಗರದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಅಂಗಡಿ. ಎರಡು ಕುರ್ಚಿ, ಒಂದು ಬೆಡ್, ಪರದೆಯ ಹಿಂದೆ ಒಂದು ಸಿಂಕ್. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಮುಳುಗಡೆಯಾಗಿ ಇಲ್ಲಿಗೆ ಬಂದ ಕುಟುಂಬ ನಮ್ಮದು. ಹಳೇ ಪೇಟೆಯಲ್ಲಿದ್ದ ನಮ್ಮ ಮನೆಯವರ ವ್ಯಾಪಾರ ಇಲ್ಲಿ ಮತ್ತೆ ಕುದುರಲಿಲ್ಲ. ಹಾಗಾಗಿ 2011ರಲ್ಲಿ ನಾನು ಐಬ್ರೋ ದಾರ ಕೈಗೆತ್ತಿಕೊಂಡೆ. ಇಬ್ಬರು ಮಕ್ಕಳ ಓದು ಈ ಅಂಗಡಿಯಿಂದಲೇ ಆಯಿತು.

ಅಂಗಡಿ ತೆರೆಯುವ ಮುಂಚೆ ವ್ಯಾಪಾರ ಪರವಾನಗಿ ಮಾಡಿಸಿದೆ. ಬಾಡಿಗೆ ಕರಾರು ಪತ್ರ, ತೆರಿಗೆ ರಸೀದಿ, ಗುರುತಿನ ಚೀಟಿ, ಫೋಟೋ ಕೊಟ್ಟು ಶುಲ್ಕ ಕಟ್ಟಿದೆ. ಲೈಸೆನ್ಸ್ ಕೈಗೆ ಬಂತು. ಕೆಲಸ ಎಲ್ಲಿ ಕಲಿತೆ, ಏನು ಕಲಿತೆ ಅಂತ ಯಾರೂ ಕೇಳಲಿಲ್ಲ. ಅದು ಅಲ್ಲಿ ಕೂತ ಸಿಬ್ಬಂದಿಯ ತಪ್ಪಲ್ಲ. ಆ ಪ್ರಶ್ನೆ ಕಾನೂನಿನಲ್ಲೇ ಇಲ್ಲ. ನಮ್ಮ ದೇಶದಲ್ಲಿ ಆಟೋ ಓಡಿಸಲು ಲೈಸೆನ್ಸ್ ಬೇಕು, ಔಷಧಿ ಅಂಗಡಿಗೆ ನೋಂದಾಯಿತ ಫಾರ್ಮಸಿಸ್ಟ್ ಬೇಕು. ಇನ್ನೊಬ್ಬರ ಕಣ್ಣಿನ ಪಕ್ಕ ಬ್ಲೀಚ್ ಹಚ್ಚಲು, ಕುತ್ತಿಗೆಯ ಮೇಲೆ ಬ್ಲೇಡ್ ಆಡಿಸಲು ಏನೂ ಬೇಡ. ಬಾಡಿಗೆ ಕಟ್ಟುವ ತಾಕತ್ತಿದ್ದರೆ ಸಾಕು.

ಈ ಪತ್ರ ಬರೆಯಲು ಕಾರಣ ಅದೇ. ನಮಗೊಂದು ಪರೀಕ್ಷೆ ಇಡಿ, ಪಾಸಾದವರಿಗೆ ಕೆಲಸದ ಲೈಸೆನ್ಸ್ ಕೊಡಿ ಅಂತ ನಾನಾಗಿಯೇ ಕೇಳುತ್ತಿದ್ದೇನೆ. ನಮ್ಮ ಕಸುಬಿನ ಕೆಲವರಿಗೆ ಇದು ಇಷ್ಟವಾಗಲಿಕ್ಕಿಲ್ಲ. ಅವರ ಭಯ ನನಗೂ ಗೊತ್ತು, ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊದಲು ನನ್ನ ಕೈಯಿಂದಲೇ ಆದ ಒಂದು ತಪ್ಪು ಹೇಳಬೇಕು.

ಅಂಗಡಿ ತೆರೆದ ಎರಡನೇ ವರ್ಷ. ಮದುವೆ ಸೀಸನ್ನು, ಬಿಸಿಲು ಹೊತ್ತಿ ಉರಿಯುವ ಮೇ ತಿಂಗಳು. ಅರವತ್ತರ ಆಸುಪಾಸಿನ ಒಬ್ಬ ಅಕ್ಕಾರು ಬಂದರು. ಮರುದಿನ ಮೊಮ್ಮಗಳ ಅರಿಶಿಣ. ತಲೆಗೆ ಕಪ್ಪು ಬಣ್ಣ ಹಚ್ಚಬೇಕು. ಅವರು ಅದುವರೆಗೆ ಬರೀ ಮೆಹಂದಿ ಹಚ್ಚಿಕೊಂಡವರು. ನಾನು ಡಬ್ಬಿ ಒಡೆದೆ, ಕಲಸಿದೆ, ಹಚ್ಚಿದೆ. ಇಪ್ಪತ್ತು ನಿಮಿಷಕ್ಕೆ ಅವರು ನೆತ್ತಿ ಮುಟ್ಟಿಕೊಂಡು, "ತಂಗಿ, ಯಾಕೋ ಉರಿಯಾಕತ್ತೈತಿ" ಅಂದರು. "ಏನೂ ಆಗಂಗಿಲ್ರಿ ಅಕ್ಕಾರ, ಹೊಸದಾಗಿ ಹಚ್ಚಿದಾಗ ಹಂಗ ಆಕ್ಕೈತಿ" ಅಂದೆ. ಆ ಮಾತು ನನಗೆ ಯಾರೂ ಕಲಿಸಿದ್ದಲ್ಲ. ನಾನು ಕಲಿತ ಪಾರ್ಲರಿನಲ್ಲಿ ಗಿರಾಕಿಗಳಿಗೆ ಹೇಳುವುದನ್ನು ಕೇಳಿ ಕೇಳಿ ಬಾಯಿಗೆ ಬಂದಿತ್ತು.

ರಾತ್ರಿ ಅವರ ಮಗ ಫೋನ್ ಮಾಡಿದ. ಹೋಗಿ ನೋಡಿದರೆ ಎರಡೂ ಕಣ್ಣು ಮುಚ್ಚಿಹೋಗುವಷ್ಟು ಬಾವು. ಹಣೆಯ ಅಂಚಿನಲ್ಲಿ, ಕಿವಿಯ ಹಿಂದೆ ನೀರು ಒಸರುವ ಗುಳ್ಳೆಗಳು. ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಇಂಜೆಕ್ಷನ್ ಕೊಟ್ಟರು. ಉಸಿರಾಟಕ್ಕೆ ತೊಂದರೆ ಆಗಲಿಲ್ಲ, ಅದೊಂದು ಪುಣ್ಯ. ಆದರೆ ಆ ಅಕ್ಕಾರು ಮೊಮ್ಮಗಳ ಮದುವೆಯಲ್ಲಿ ಹಂದರದ ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತರು. ಒಂದು ಫೋಟೋದಲ್ಲೂ ಅವರಿಲ್ಲ.

ನಾನು ಮರುದಿನ ಕಸದ ಬುಟ್ಟಿಯಿಂದ ಆ ಡಬ್ಬಿ ಹುಡುಕಿ ತೆಗೆದೆ. ಒಳಗೆ ಮಡಚಿಟ್ಟ ತೆಳುವಾದ ಕಾಗದ. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ. ಮಗನ ಟ್ಯೂಷನ್ ಮೇಷ್ಟ್ರ ಹತ್ತಿರ ಓದಿಸಿದೆ. ಹಚ್ಚುವ 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಒಳಮೈಗೆ ಸ್ವಲ್ಪ ಹಚ್ಚಿ ನೋಡಬೇಕು, ತುರಿಕೆ, ಬಾವು ಬಂದರೆ ಹಚ್ಚಲೇಬಾರದು ಅಂತ ಸ್ಪಷ್ಟವಾಗಿ ಬರೆದಿತ್ತು. ಕಪ್ಪು ಬಣ್ಣದಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ, ಕೆಲವರ ಮೈಗೆ ಅದು ಆಗುವುದಿಲ್ಲ ಅಂತ ಚರ್ಮದ ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಬೇಗ ಕಪ್ಪಾಗುತ್ತದೆ ಅಂತ ಮಾರುವ ಕೆಲವು ಕಪ್ಪು ಮೆಹಂದಿಯಲ್ಲೂ ಅದೇ ಇರುತ್ತದಂತೆ. ಅಷ್ಟರಲ್ಲಾಗಲೇ ನೂರಾರು ತಲೆಗೆ ಬಣ್ಣ ಹಚ್ಚಿದ್ದ ನನಗೆ ಆ ಹೆಸರೂ ಗೊತ್ತಿರಲಿಲ್ಲ.

ಒಂದು ತಿಂಗಳಾದ ಮೇಲೆ ಆ ಅಕ್ಕಾರು ಅಂಗಡಿಗೆ ಬಂದರು. ಬೈಯುತ್ತಾರೆ ಅಂತ ಎದ್ದು ನಿಂತೆ. ಅವರು ಕುರ್ಚಿಯ ಮೇಲೆ ಕೂತು, "ಮುಂದ ಯಾರಿಗೆ ಹಚ್ಚಿದ್ರೂ ಮೊದಲ ಒಂದೀಟು ನೋಡಿ ಹಚ್ಚವಾ" ಅಂದರು, ಅಷ್ಟೇ. ಅವತ್ತಿನಿಂದ ನನ್ನ ಕನ್ನಡಿಯ ಪಕ್ಕ ಕನ್ನಡದಲ್ಲಿ ಬರೆದ ಒಂದು ಹಾಳೆ ಅಂಟಿಸಿದ್ದೇನೆ: 'ಬಣ್ಣಕ್ಕೆ ಎರಡು ದಿನ ಮೊದಲು ಬಂದು ಟೆಸ್ಟ್ ಮಾಡಿಸಿಕೊಳ್ಳಿ.' ಈ ಹಾಳೆ ನೋಡಿ ಎದ್ದು ಬೇರೆ ಪಾರ್ಲರಿಗೆ ಹೋದವರೂ ಇದ್ದಾರೆ. ಅಲ್ಲಿ ಯಾರೂ ಎರಡು ದಿನ ಕಾಯಿಸುವುದಿಲ್ಲ. ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಹುಷಾರಾಗಿ ಕೆಲಸ ಮಾಡುವವರಿಗೆ ನಷ್ಟ ಆಗುವುದಿಲ್ಲ ಅಲ್ವಾ ಸರ್?

ನಾನು ಕಲಿತದ್ದು ಹೇಗೆ ಅಂತಲೂ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಬಹಳ ಜನ ಹೀಗೆಯೇ ಕಲಿತವರು. ಬೇರೆ ಊರಿನ ಒಂದು ಪಾರ್ಲರಿನಲ್ಲಿ ಎಂಟು ಸಾವಿರ ರೂಪಾಯಿ ಕೊಟ್ಟು ಮೂರು ತಿಂಗಳ ಕೋರ್ಸ್ ಸೇರಿದೆ. ಮೊದಲ ತಿಂಗಳು ಕೂದಲು ಗುಡಿಸಿದೆ, ಟವೆಲ್ ಒಗೆದೆ, ಚಹಾ ತಂದೆ. ಎರಡನೇ ತಿಂಗಳು ಥ್ರೆಡಿಂಗ್. ನಮ್ಮದೇ ಕಾಲಿನ ಕೂದಲ ಮೇಲೆ ದಾರ ಆಡಿಸಿ ಆಡಿಸಿ ಕೈ ಪಳಗಿಸಬೇಕು. ಮೊಣಕಾಲ ಕೆಳಗೆ ಚರ್ಮ ಕಿತ್ತು ಕೆಂಪಾಗಿರುತ್ತಿತ್ತು. ಮೂರನೇ ತಿಂಗಳು ಫೇಶಿಯಲ್, ಕಟಿಂಗ್, ಸ್ವಲ್ಪ ಮೇಕಪ್. ಕೊನೆಗೆ ಬಂಗಾರದ ಅಂಚಿನ ಸರ್ಟಿಫಿಕೇಟ್. ದಾರ ಹಿಡಿಯುವುದನ್ನು ಆ ಮೇಡಂ ಚೆನ್ನಾಗಿಯೇ ಕಲಿಸಿದರು, ಆ ಋಣ ನನಗಿದೆ. ಆದರೆ ಆ ಮೂರು ತಿಂಗಳಲ್ಲಿ ಉಪಕರಣ ಹೇಗೆ ಶುದ್ಧ ಮಾಡಬೇಕು ಅಂತ ಒಂದು ದಿನವೂ ಪಾಠ ಆಗಲಿಲ್ಲ.

ದಾರದ ವಿಷಯವನ್ನೇ ತೆಗೆದುಕೊಳ್ಳಿ. ಒಂದು ತುದಿ ಹಲ್ಲಲ್ಲಿ ಕಚ್ಚಿ ಹಿಡಿದು ಐಬ್ರೋ ಮಾಡುವುದು ರೂಢಿ. ಬಾಯಿಯ ಎಂಜಲು ದಾರದ ಗುಂಟ ಇಳಿಯುತ್ತದೆ. ಗಿರಾಕಿಯ ಹುಬ್ಬಿನ ಹತ್ತಿರ ಸೂಜಿಮೊನೆಯಷ್ಟು ರಕ್ತ ಬಂದಿರುತ್ತದೆ. ನೆಗಡಿ, ಜ್ವರ ಇದ್ದವರೂ ಹಾಗೆಯೇ ಮಾಡುತ್ತಾರೆ. ದಾರದ ತುದಿಯನ್ನು ಕುತ್ತಿಗೆಗೆ ಸುತ್ತಿಕೊಂಡರೆ ಬಾಯಿ ಬೇಕೇ ಆಗುವುದಿಲ್ಲ. ಹೊಂದಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು. ಅಷ್ಟು ಸಣ್ಣ ಬದಲಾವಣೆ, ಆದರೆ ನಾನು ಅದನ್ನು ಕಲಿತದ್ದು ಕೆಲಸ ಶುರು ಮಾಡಿ ಆರು ವರ್ಷದ ಮೇಲೆ.

ಇನ್ನು ಬ್ಲೇಡು, ಪ್ಲಕ್ಕರ್, ಉಗುರಿನ ಕಟರ್. ಬಹಳ ಕಡೆ ಒಂದು ನೀಲಿ ಬೆಳಕಿನ ಡಬ್ಬಿ ಇಟ್ಟಿರುತ್ತಾರೆ. ಎಲ್ಲವನ್ನೂ ಒರೆಸಿ ಅದರೊಳಗೆ ಇಟ್ಟರೆ ಶುದ್ಧವಾಯಿತು ಅಂತ ಗಿರಾಕಿಯೂ ನಂಬುತ್ತಾರೆ, ನಾವೂ ನಂಬಿದ್ದೆವು. ಬೆಳಕು ಬಿದ್ದಲ್ಲಿ ಮಾತ್ರ ಅದರ ಕೆಲಸ. ಕತ್ತರಿಯ ಸಂದಿ, ಪ್ಲಕ್ಕರಿನ ಒಳಮೈ, ಅಂಟಿದ ಕೊಳೆಯ ಕೆಳಗೆ ಅದು ತಲುಪುವುದಿಲ್ಲ. ಮೊದಲು ಸೋಪು ನೀರಲ್ಲಿ ಬ್ರಷ್ ಹಾಕಿ ತೊಳೆಯಬೇಕು, ಆಮೇಲೆ ಔಷಧಿ ದ್ರಾವಣದಲ್ಲಿ ಹೇಳಿದಷ್ಟು ಹೊತ್ತು ಪೂರ್ತಿ ಮುಳುಗಿಸಬೇಕು. ಲೋಹದ ಸಾಮಾನಿಗೆ ಆಟೋಕ್ಲೇವ್ ಇನ್ನೂ ಒಳ್ಳೆಯದು. 121 ಡಿಗ್ರಿ ಉಗಿಯಲ್ಲಿ, ಒತ್ತಡದಲ್ಲಿ, 15 ನಿಮಿಷ. ಮನೆಯ ಕುಕ್ಕರ್ ಕೆಲಸ ಮಾಡುವುದೂ ಅದೇ ಲೆಕ್ಕದಲ್ಲಿ, ಹಾಗಾಗಿ ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟರೆ ಐದು ನಿಮಿಷಕ್ಕೆ ಅರ್ಥವಾಗುತ್ತದೆ. ಬ್ಲೇಡಿನ ಮಾತಂತೂ ಬೇಡವೇ ಬೇಡ, ಒಬ್ಬರಿಗೆ ಒಂದು, ಮುಗಿದ ಮೇಲೆ ಎಸೆಯಬೇಕು. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ ಬಿದ್ದ ರಕ್ತದಲ್ಲಿ ಏಳು ದಿನವಾದರೂ ಬದುಕಿರುತ್ತದೆ. ಕಣ್ಣಿಗೆ ಕಾಣುವಷ್ಟು ರಕ್ತ ಇರಬೇಕು ಅಂತಲೂ ಇಲ್ಲ.

ಸರ್, ಕಲಿಯಲು ದಾರಿಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಐಟಿಐಯಲ್ಲಿ ಪಾರ್ಲರ್ ಕೆಲಸ ಕಲಿಸುವ ಕಾಸ್ಮೆಟಾಲಜಿ ಅಂತ ಒಂದು ವರ್ಷದ ಟ್ರೇಡ್ ಇದೆ, ಎಸ್ಸೆಸ್ಸೆಲ್ಸಿ ಪಾಸಾದವರು ಸೇರಬಹುದು, ಮುಗಿಸಿದರೆ ರಾಷ್ಟ್ರಮಟ್ಟದ ಸರ್ಟಿಫಿಕೇಟ್ ಸಿಗುತ್ತದೆ. 2015ರಿಂದ ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನೆ ಇದೆ, 2017ರಿಂದ ನಮ್ಮದೇ ರಾಜ್ಯದ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ ಇದೆ. ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಅಸಿಸ್ಟೆಂಟ್ ಬ್ಯೂಟಿ ಥೆರಪಿಸ್ಟ್, ಬ್ಯೂಟಿ ಥೆರಪಿಸ್ಟ್ ಅಂತ ಪ್ರತಿಯೊಂದು ಕೆಲಸಕ್ಕೂ ಏನೇನು ಬರಬೇಕು ಅಂತ ಪಟ್ಟಿ ಮಾಡಿದೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳ ಪಾರ್ಲರ್ ಕೋರ್ಸ್. ಸುಮಾರು ಒಂದು ತಿಂಗಳು, ಊಟ ವಸತಿ ಸಹಿತ ಉಚಿತ. 1982ರಲ್ಲಿ ನಮ್ಮ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿ ನೋಡಿಯೇ ದೇಶದ ತುಂಬ ಇವು ಹುಟ್ಟಿದ್ದು. ಇಷ್ಟೆಲ್ಲ ಇದ್ದೂ ಯಾವುದೂ ಕಡ್ಡಾಯ ಅಲ್ಲ. ಒಂದು ವರ್ಷ ಐಟಿಐ ಓದಿದವಳೂ, ಒಂದು ವಾರದ ಕೋರ್ಸ್ ಮುಗಿಸಿದವಳೂ, ಮೊಬೈಲ್‌ನಲ್ಲಿ ವಿಡಿಯೋ ನೋಡಿ ಕಲಿತವಳೂ ಪಕ್ಕ ಪಕ್ಕದಲ್ಲೇ ಅಂಗಡಿ ಹಾಕುತ್ತಾರೆ. ಬೋರ್ಡು ಮಾತ್ರ ಒಂದೇ ಥರ. ಗಿರಾಕಿಗೆ ಹೇಗೆ ಗೊತ್ತಾಗಬೇಕು?

ಇದರ ನಡುವೆ ಖಾಸಗಿ ಅಕಾಡೆಮಿಗಳು. ಚೆನ್ನಾಗಿ ಕಲಿಸುವವರು ಇದ್ದಾರೆ, ಅವರಿಗೆ ನನ್ನ ನಮಸ್ಕಾರ. ಆದರೆ ಏಳು ದಿನದಲ್ಲಿ ಬ್ರೈಡಲ್ ಮೇಕಪ್ ಆರ್ಟಿಸ್ಟ್ ಮಾಡುತ್ತೇವೆ ಅಂತ ಮೂವತ್ತು ನಲವತ್ತು ಸಾವಿರ ಕೇಳುವವರೂ ಇದ್ದಾರೆ. ಗೃಹಲಕ್ಷ್ಮಿಯ ಎರಡೆರಡು ಸಾವಿರ ಕೂಡಿಟ್ಟು ಮಗಳ ಫೀ ಕಟ್ಟಿದ ತಾಯಿಯೊಬ್ಬಳನ್ನು ನಾನು ಬಲ್ಲೆ. ಮಗಳಿಗೆ ಸರ್ಟಿಫಿಕೇಟ್ ಬಂತು, ಕೈಗೆ ಕೆಲಸ ಬರಲಿಲ್ಲ. ನೀವು ಲೈಸೆನ್ಸ್ ತರುವುದಾದರೆ ದಯವಿಟ್ಟು ಕಲಿಸುವವರಿಂದ ಶುರು ಮಾಡಿ. ಕಲಿಸುವವರ ಅನುಭವ ಎಷ್ಟು, ಒಬ್ಬ ಟೀಚರಿಗೆ ಎಷ್ಟು ಹುಡುಗಿಯರು, ಎಷ್ಟು ಗಂಟೆ ಕೈಕೆಲಸ, ಫೀ ಎಷ್ಟು ಅಂತ ಬಾಗಿಲಲ್ಲೇ ಬರೆದು ಹಾಕಿಸಿ. ಸಣ್ಣ ಪಾರ್ಲರ್ ಹುಡುಗಿಯ ಕೈ ಹಿಡಿದು ಕೇಳುವ ಮೊದಲು ಅವಳಿಗೆ ಕಲಿಸಿದವರನ್ನು ಕೇಳಿ.

ಈಗ ನನ್ನ ಹತ್ತಿರ ಕಲಿಯುತ್ತಿರುವ ಒಬ್ಬ ಹುಡುಗಿಯ ಬಗ್ಗೆ. ಗುಳೇದಗುಡ್ಡದ ನೇಕಾರರ ಮನೆಯವಳು. ಅಪ್ಪ ಖಣ ನೇಯುತ್ತಿದ್ದರು, ಈಗ ಮಗ್ಗ ಸುಮ್ನೆ ನಿಂತಿದೆ. ದಿನಾ ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ ಬರುತ್ತಾಳೆ. ಅದು ಇಲ್ಲದಿದ್ದರೆ ಅವಳು ಕಲಿಯಲು ಬರುತ್ತಲೇ ಇರಲಿಲ್ಲ, ಬಸ್ ಚಾರ್ಜೇ ಅವಳ ಮನೆಗೆ ಹೊರೆ. ಥ್ರೆಡಿಂಗ್ ಬೇರೆಯವರು ಒಂದು ತಿಂಗಳಿಗೆ ಕಲಿತರೆ ಇವಳು ನಾಲ್ಕು ದಿನಕ್ಕೆ ಕಲಿತಳು. ಚಿಕ್ಕಂದಿನಿಂದ ಮಗ್ಗದ ಮುಂದೆ ಕೂತು ಕಡಿದ ಎಳೆ ಕೂಡಿಸಿದ ಬೆರಳು ಅವು. ದಾರ ಎಷ್ಟು ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಅಂತ ಹೇಳುವುದೇ ಬೇಕಾಗಲಿಲ್ಲ. ಇಂಥ ಕೈ ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಐಟಿಐ ಸೇರು ಅಂತ ಹೇಳಿದೆ. "ಗಣಿತ ಹೋಗೇತ್ರಿ ಅಕ್ಕಾ, ನಂಗ ಐಟಿಐ ಸಿಗಂಗಿಲ್ಲ" ಅಂದಳು.

ಇಂಥವರನ್ನು ನೆನಪಿಟ್ಟುಕೊಂಡು ನಿಯಮ ಮಾಡಿ. ಎಸ್ಸೆಸ್ಸೆಲ್ಸಿ ಗಣಿತಕ್ಕೂ ಹುಬ್ಬು ತಿದ್ದುವುದಕ್ಕೂ ಸಂಬಂಧ ಇಲ್ಲ. ಕೆಲಸಕ್ಕೆ ಬೇಕಾದ ಲೆಕ್ಕ ಬೇರೆ ಇದೆ, ಅದನ್ನು ಬೇಕಾದರೆ ಕೇಳಿ. ಬಣ್ಣಕ್ಕೆ ಬೆರೆಸುವ ಡೆವಲಪರ್ ಬಾಟಲಿಯ ಮೇಲೆ 20 ಅಂತ ಇದ್ದರೆ ಅದರಲ್ಲಿ 6 ಪರ್ಸೆಂಟ್ ಪೆರಾಕ್ಸೈಡ್, 30 ಇದ್ದರೆ 9, 40 ಇದ್ದರೆ 12. ನೆತ್ತಿಗೆ ತಾಗುವ ಕೆಲಸಕ್ಕೆ 40 ಹಚ್ಚಿದರೆ ಚರ್ಮ ಸುಡಬಹುದು. ನನ್ನ ಹುಡುಗಿ ಇದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾಳೆ.

ಬೇರೆ ದೇಶದಲ್ಲಿ ಇದು ಹೇಗಿದೆ ಅಂತ ಓದಿ ತಿಳಿದುಕೊಂಡಿದ್ದೇನೆ. ಅಮೆರಿಕದಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ನಿಯಮ ಇದೆ. ಸಾಮಾನ್ಯವಾಗಿ ಶಾಲೆಯಲ್ಲಿ ಇಷ್ಟು ಗಂಟೆ ಕಲಿತು, ಪರೀಕ್ಷೆ ಪಾಸಾದರೆ ಕಾಸ್ಮೆಟಾಲಜಿ ಲೈಸೆನ್ಸ್. ನ್ಯೂಯಾರ್ಕ್‌ನಲ್ಲಿ 1000 ಗಂಟೆ. ಕ್ಯಾಲಿಫೋರ್ನಿಯಾದಲ್ಲಿ 1600 ಇದ್ದದ್ದನ್ನು 2022ರಲ್ಲಿ 1000ಕ್ಕೆ ಇಳಿಸಿದರು, ಟೆಕ್ಸಸ್ ಕೂಡ 1500ರಿಂದ 1000ಕ್ಕೆ ಇಳಿಸಿತು. ಯಾಕೆ ಇಳಿಸಿದರು ಅಂದರೆ, ಗಂಟೆ ಜಾಸ್ತಿಯಾದಷ್ಟೂ ಫೀ ಜಾಸ್ತಿ, ಸಾಲ ಜಾಸ್ತಿ, ಬಡವರು ಹೊರಗೆ ಉಳಿಯುತ್ತಾರೆ. ಯೂಟಾ ಅನ್ನುವ ರಾಜ್ಯದಲ್ಲಿ ಆಫ್ರಿಕಾದಿಂದ ಬಂದ ಒಬ್ಬ ಹೆಣ್ಣುಮಗಳು ಊರಲ್ಲಿ ಕಲಿತ ಜಡೆ ಹೆಣೆಯುವ ಕೆಲಸದಿಂದ ಸಂಸಾರ ನಡೆಸುತ್ತಿದ್ದಳು. ಅದಕ್ಕೂ ಪೂರ್ತಿ ಕಾಸ್ಮೆಟಾಲಜಿ ಲೈಸೆನ್ಸ್ ಬೇಕು, 2000 ಗಂಟೆ ಕಲಿತು ಬಾ ಅಂದರು. ಆ ಪಾಠದಲ್ಲಿ ಅವಳ ಜಡೆಯ ಬಗ್ಗೆ ಏನೂ ಇರಲಿಲ್ಲ. ಅವಳು ಕೋರ್ಟಿಗೆ ಹೋದಳು, 2012ರಲ್ಲಿ ಗೆದ್ದಳು.

ಅದನ್ನು ಓದುವಾಗ ನನಗೆ ನಮ್ಮ ಓಣಿಯ ಕಾಕು ನೆನಪಾದರು. ಮೊಗ್ಗಿನ ಜಡೆ ಹೆಣೆಯುವುದರಲ್ಲಿ ಅವರ ಸರಿಸಾಟಿ ಇಲ್ಲ. ಸೀಮಂತ ಬಂತೆಂದರೆ ನಾನೇ ಅವರನ್ನು ಕರೆಸುತ್ತೇನೆ. ಮಲ್ಲಿಗೆ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಾರೆ, ಎರಡು ತಾಸಿನಲ್ಲಿ ಬಸುರಿಯ ಬೆನ್ನ ತುಂಬ ಮೊಗ್ಗು. ಆ ಕಾಕುಗೆ ಯಾವ ಲೈಸೆನ್ಸೂ ಬೇಡ ಸರ್. ಮದರಂಗಿ ಹಚ್ಚುವವರಿಗೆ, ಸೀರೆ ಉಡಿಸುವವರಿಗೆ, ಜಡೆ ಹಾಕುವವರಿಗೆ ಸರ್ಕಾರ ಅಡ್ಡ ಬರಬಾರದು. ಮೈಗೆ ಬಿಸಿ, ಬ್ಲೇಡು, ರಾಸಾಯನಿಕ ತಾಗುವಲ್ಲಿಂದ ಗೆರೆ ಎಳೆಯಿರಿ. ಥ್ರೆಡಿಂಗ್, ವ್ಯಾಕ್ಸಿಂಗ್, ಕಟಿಂಗ್, ಸಾದಾ ಫೇಶಿಯಲ್‌ಗೆ ಒಂದು ಹಗುರವಾದ ಪರೀಕ್ಷೆ ಸಾಕು. ಬ್ಲೀಚ್, ಬಣ್ಣ, ಸ್ಮೂತನಿಂಗ್, ಕೆರಾಟಿನ್ ಮಾಡುವವರಿಗೆ ಅದಕ್ಕಿಂತ ಗಟ್ಟಿ ಪರೀಕ್ಷೆ ಬೇಕು.

ಕೆರಾಟಿನ್ ಅಂದೆ, ಒಂದು ಮಾತು ಹೇಳಿಬಿಡುತ್ತೇನೆ. ಕೂದಲು ನೇರ ಮಾಡುವ ಕೆಲವು ಕ್ರೀಮುಗಳನ್ನು ಹಚ್ಚಿ ಬಿಸಿ ಐರನ್ ಮಾಡುವಾಗ ಫಾರ್ಮಾಲ್ಡಿಹೈಡ್ ಹೊಗೆ ಏಳುತ್ತದೆ. ಅದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಗಿರಾಕಿ ವರ್ಷಕ್ಕೊಮ್ಮೆ ಬಂದು ಮೂರು ತಾಸು ಕೂತು ಹೋಗುತ್ತಾರೆ. ಬಾಗಿಲು ಮುಚ್ಚಿ ಏಸಿ ಹಾಕಿದ ಸಣ್ಣ ಕೋಣೆಯಲ್ಲಿ ವಾರಕ್ಕೆ ನಾಲ್ಕು ಸಲ ಆ ಹೊಗೆಯಲ್ಲಿ ನಿಲ್ಲುವವಳು ಕೆಲಸದ ಹುಡುಗಿ. ಹದಿನೆಂಟು, ಹತ್ತೊಂಬತ್ತು ವಯಸ್ಸು. ಕೈಯಲ್ಲಿ ಗ್ಲೌಸ್ ಇರುವುದಿಲ್ಲ, ಬೆರಳ ಸಂದಿ ಬಿರಿದಿರುತ್ತದೆ. ಲೈಸೆನ್ಸ್ ಅಂದರೆ ಎಲ್ಲರೂ ಗಿರಾಕಿಯ ಬಗ್ಗೆ ಮಾತಾಡುತ್ತಾರೆ. ಆ ಹುಡುಗಿಯ ಬಗ್ಗೆಯೂ ನಿಯಮದಲ್ಲಿ ಒಂದು ಸಾಲು ಬರಲಿ.

ಸೂಜಿ ಮತ್ತು ಲೇಸರ್‌ಗೆ ನಮ್ಮವರಲ್ಲಿ ಯಾರಿಗೂ ಲೈಸೆನ್ಸ್ ಕೊಡಬೇಡಿ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಕೂದಲು ಕಸಿ, ಸೌಂದರ್ಯದ ಶಸ್ತ್ರಚಿಕಿತ್ಸೆ ತರಬೇತಿ ಪಡೆದ ನೋಂದಾಯಿತ ವೈದ್ಯರ ಕೆಲಸ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟ ಮಾಡಿದೆ. ಆದರೂ ನನ್ನ ಅಂಗಡಿಗೆ ಸಾಮಾನು ತರುವವರು ಬಂದು, "ಮೇಡಂ, ಎರಡ ದಿನದ ಟ್ರೇನಿಂಗ್ ಅಷ್ಟ, ಸರ್ಟಿಫಿಕೇಟ್ ನಾವ ಕೊಡ್ತೀವಿ" ಅಂತ ಮುಖಕ್ಕೆ ಸೂಜಿ ಚುಚ್ಚುವ ಯಂತ್ರ ತೋರಿಸಿದ್ದಾರೆ. ಬೆಳ್ಳಗಾಗುವ ಇಂಜೆಕ್ಷನ್ ಇಡಿ, ಜಾಸ್ತಿ ಲಾಭ ಇದೆ ಅಂದಿದ್ದಾರೆ. ನಾನು ಬೇಡ ಅಂದೆ. ಎಲ್ಲರೂ ಬೇಡ ಅನ್ನಲು ಆಗುವುದಿಲ್ಲ. ಮನೆ ಬಾಡಿಗೆ, ಮಕ್ಕಳ ಫೀ ಮುಂದೆ ನಿಂತಿರುತ್ತದೆ.

ಅದಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಹೆಸರಿಲ್ಲದ ನೈಟ್ ಕ್ರೀಮುಗಳು. ಲೇಬಲ್ ಇಲ್ಲದ ಬಿಳಿ ಡಬ್ಬಿ, ಹದಿನೈದು ದಿನದಲ್ಲಿ ಬೆಳ್ಳಗೆ. ಕಳೆದ ವರ್ಷ ನಿಶ್ಚಯ ಆದ ಒಬ್ಬ ಹುಡುಗಿ ನನ್ನ ಹತ್ತಿರ ಮೇಕಪ್ ಕೇಳಲು ಬಂದಳು. ಕೆನ್ನೆ ಕೆಂಡದಂತೆ, ಚರ್ಮದ ಕೆಳಗೆ ಸಣ್ಣ ಕೆಂಪು ನರ ಬಲೆಯ ಹಾಗೆ ಕಾಣುತ್ತಿತ್ತು, ಗದ್ದದ ಮೇಲೆ ಕೂದಲು. ಕ್ರೀಮು ಬಿಟ್ಟರೆ ಉರಿ, ಹಚ್ಚಿದರೆ ತಂಪು. ಎಂಟು ತಿಂಗಳು ಹಚ್ಚಿದ್ದಳು. ಸ್ಟೀರಾಯ್ಡ್ ಅಂತ ಡಾಕ್ಟರು ನೋಡಿದ ತಕ್ಷಣ ಹೇಳಿದರು. ಅಂಥ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿದೆ. ಪಾದರಸ ಬೆರೆಸಿ ಸೌಂದರ್ಯ ಸಾಮಗ್ರಿ ಮಾಡಬಾರದು ಅಂತಲೂ ಕಾನೂನಿದೆ. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಬೆಳ್ಳಗಾಗುವ ಕ್ರೀಮು ಹಚ್ಚಿದವರಿಗೆ ಕಿಡ್ನಿ ಕಾಯಿಲೆ ಬಂದದ್ದು ಪತ್ರಿಕೆಗಳಲ್ಲಿ ಬಂದಿತ್ತು, ಕ್ರೀಮಿನಲ್ಲಿ ಪಾದರಸ ಇತ್ತು. ಇಂಥ ಡಬ್ಬಿ ಎಷ್ಟೋ ಸಲ ಪಾರ್ಲರ್ ಕೌಂಟರಿನಿಂದಲೇ ಹೋಗುತ್ತದೆ. ಮಾರುವವಳಿಗೂ ಒಳಗೇನಿದೆ ಅಂತ ಗೊತ್ತಿರುವುದಿಲ್ಲ, ಅವಳೂ ಅದನ್ನೇ ಹಚ್ಚಿಕೊಂಡಿರುತ್ತಾಳೆ. ಪರೀಕ್ಷೆಯಲ್ಲಿ ಒಂದೇ ಪ್ರಶ್ನೆ ಕೇಳುವುದಾದರೆ ಇದನ್ನು ಕೇಳಿ.

ಈಗ ಭಯದ ಮಾತು. ಲೈಸೆನ್ಸ್ ಅಂದ ಕೂಡಲೇ ನಮ್ಮ ಹೆಂಗಸರಿಗೆ ಕಣ್ಣ ಮುಂದೆ ಬರುವುದು ಓಡಾಟ, ಏಜೆಂಟ್, ಯಾರೋ ಬಂದು ಅಂಗಡಿ ಮುಚ್ಚಿಸುತ್ತೇವೆ ಅನ್ನುವುದು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಕನ್ನಡಿ ಇಟ್ಟು ದಿನಕ್ಕೆ ಮುನ್ನೂರು ರೂಪಾಯಿ ದುಡಿಯುವವರು ಕೆರೂರು, ಬೀಳಗಿ, ಕಲಾದಗಿಯಲ್ಲಿ ಎಷ್ಟೋ ಜನ. ಗಂಡನಿಂದ ದೂರವಾಗಿ ಒಬ್ಬರೇ ಮಕ್ಕಳನ್ನು ಸಾಕುವವರು ಅವರಲ್ಲಿದ್ದಾರೆ. ಅವರ ಹೊಟ್ಟೆಯ ಮೇಲೆ ಹೊಡೆಯುವ ಲೈಸೆನ್ಸ್ ಬರುವುದಾದರೆ ಬರುವುದೇ ಬೇಡ. ಗಂಡಸರ ಸಲೂನ್ ನಡೆಸುವ ಹಡಪದ ಸಮಾಜದ ಅಣ್ಣಂದಿರಿಗೂ ಇದೇ ಮಾತು. ಅಪ್ಪನಿಂದ ಮಗನಿಗೆ ಬಂದ ಕತ್ತರಿ ಅದು. ನಲವತ್ತು ವರ್ಷ ಕೆಲಸ ಮಾಡಿದವರನ್ನು ಕೂರಿಸಿ ಕತ್ತರಿ ಹಿಡಿಯುವುದು ಹೇಗೆ ಅಂತ ಕೇಳಿದರೆ ಅವಮಾನ ಆಗುತ್ತದೆ.

ಅದಕ್ಕೆ ನಾನು ಕೇಳುವುದು ಇಷ್ಟು. ಈಗಾಗಲೇ ಐದು ವರ್ಷ ಕೆಲಸ ಮಾಡಿದವರಿಗೆ ಕೋರ್ಸ್ ಬೇಡ. ಕಲಿತದ್ದನ್ನು ಗುರುತಿಸಿ ಸರ್ಟಿಫಿಕೇಟ್ ಕೊಡುವ ಪದ್ಧತಿ ಕೇಂದ್ರದ ಯೋಜನೆಯಲ್ಲಿ ಈಗಲೇ ಇದೆ. ಅದನ್ನೇ ತಾಲೂಕಿಗೆ ತನ್ನಿ. ಮೂರು ದಿನ ಶುದ್ಧತೆ ಮತ್ತು ರಾಸಾಯನಿಕದ ಪಾಠ, ನಾಲ್ಕನೇ ದಿನ ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆ. ಎಲ್ಲ ಕನ್ನಡದಲ್ಲಿ. ಬರೆಯಲು ಬಾರದವರು ಬಾಯಲ್ಲಿ ಹೇಳಲಿ. ಆ ನಾಲ್ಕು ದಿನ ಅಂಗಡಿ ಮುಚ್ಚಿದ್ದಕ್ಕೆ ಕೂಲಿ ಕೊಡಿ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕರೂ ಇದ್ದಾರೆ. ತರಬೇತಿಯ ದಿನಕ್ಕೆ 500 ರೂಪಾಯಿ, ಸಾಮಾನಿಗೆ 15,000 ರೂಪಾಯಿಯ ನೆರವು ಕೊಡುತ್ತಾರೆ. ಅದೇ ಥರ ಪಾರ್ಲರ್ ಹೆಣ್ಣುಮಕ್ಕಳಿಗೂ ಕೊಟ್ಟರೆ ಆ ದುಡ್ಡಲ್ಲಿ ಒಂದು ಸಣ್ಣ ಆಟೋಕ್ಲೇವ್ ಬರುತ್ತದೆ. ಪರೀಕ್ಷೆಯಲ್ಲಿ ಫೇಲಾದವರು ಮತ್ತೆ ಬರಲಿ, ಅಲ್ಲಿಯವರೆಗೆ ಅಂಗಡಿ ಮುಚ್ಚಿಸಬೇಡಿ. ಎಲ್ಲರೂ ಹೊಂದಿಕೊಳ್ಳಲು ಮೂರು ವರ್ಷ ಸಮಯ ಇರಲಿ. ಶುಲ್ಕ ನಮ್ಮ ಒಂದು ಫೇಶಿಯಲ್ ದರಕ್ಕಿಂತ ಜಾಸ್ತಿ ಬೇಡ. ಪರೀಕ್ಷೆ ಮಾಡುವವರಲ್ಲಿ ಒಬ್ಬರಾದರೂ ಇದೇ ಕಸುಬು ಮಾಡಿದ ಹೆಣ್ಣುಮಗಳಾಗಿರಲಿ. ಲೈಸೆನ್ಸಿನಲ್ಲಿ ಫೋಟೋ ಇರಲಿ, ಯಾವ ಕೆಲಸಕ್ಕೆ ಪಾಸಾಗಿದ್ದಾಳೆ ಅಂತ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಇರಲಿ, ಗಿರಾಕಿ ಕುರ್ಚಿಯಲ್ಲಿ ಕೂತೇ ಓದುವ ಹಾಗೆ.

ಹಾಗೆಯೇ ನಮ್ಮ ಜಿಲ್ಲೆಯ ತಾಲೂಕುಗಳಲ್ಲಿ ಹೆಣ್ಣುಮಕ್ಕಳಿಗೆ ಕಾಸ್ಮೆಟಾಲಜಿ ಸೀಟು ಹೆಚ್ಚು ಮಾಡಿ, ಅದು ಇದೆ ಅಂತ ಹಳ್ಳಿಗಳಲ್ಲಿ ಡಂಗುರ ಸಾರಿ. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಕಲಿಯಲು ಬಂದ ಹುಡುಗಿಯರಲ್ಲಿ ಒಬ್ಬಳಿಗೂ ಐಟಿಐಯಲ್ಲಿ ಇಂಥ ಟ್ರೇಡ್ ಇದೆ ಅಂತ ಗೊತ್ತಿರಲಿಲ್ಲ. ಮಾರುವ ಡಬ್ಬಿಗಳ ಒಳಗಿನ ಎಚ್ಚರಿಕೆ ಕಾಗದ ಕನ್ನಡದಲ್ಲೂ ಇರಬೇಕು ಅಂತ ಸಂಬಂಧಪಟ್ಟ ಇಲಾಖೆಗೆ ಬರೆಯಿರಿ. ಅಂಥ ಒಂದು ಕಾಗದ 2012ರಲ್ಲಿ ನನ್ನ ಕೈಯಲ್ಲಿದ್ದಿದ್ದರೆ ಆ ಅಕ್ಕಾರು ಮೊಮ್ಮಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ನನ್ನ ಅಂಗಡಿ ಚಿಕ್ಕದು, ಆದರೆ ಸ್ವಚ್ಛವಾಗಿದೆ. ಮಂಗಳವಾರ ಗಿರಾಕಿ ಕಡಿಮೆ. ಪರೀಕ್ಷೆ ಹೇಗಿರಬೇಕು ಅಂತ ನೋಡಲು ನಿಮ್ಮ ಅಧಿಕಾರಿಗಳನ್ನು ಕಳಿಸುವುದಾದರೆ ಎರಡೂ ಕುರ್ಚಿ ಬಿಟ್ಟುಕೊಡುತ್ತೇನೆ. ಮೊದಲು ನನ್ನನ್ನೇ ಪರೀಕ್ಷೆ ಮಾಡಲಿ.

ಗುಳೇದಗುಡ್ಡದ ಹುಡುಗಿ ದಸರೆಗೆ ಊರಲ್ಲಿ ಸ್ವಂತ ಅಂಗಡಿ ತೆರೆಯುತ್ತಾಳೆ. ಮಗ್ಗದ ಕೋಣೆಗೇ ಸುಣ್ಣ ಬಳಿದಿದ್ದಾರೆ. ಮೊನ್ನೆ ಕೇಳಿದಳು, "ಅಕ್ಕಾ, ಲೈಸೆನ್ಸ್ ಎಲ್ಲಿ ಮಾಡಸ್ಬೇಕು?" ವ್ಯಾಪಾರ ಪರವಾನಗಿಗೆ ಏನೇನು ಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಅವಳು ಓದಿ, "ಕೆಲಸದ್ದು?" ಅಂದಳು. ಅವಳು ಪರೀಕ್ಷೆಗೆ ತಯಾರಿದ್ದಾಳೆ ಸರ್. ಕೇಂದ್ರ ಎಲ್ಲಿ, ಯಾವತ್ತು ಬರಬೇಕು ಅಂತ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಬ್ಯೂಟಿ ಪಾರ್ಲರ್ ನಡೆಸುವ ಒಬ್ಬ ಹೆಣ್ಣುಮಗಳು
ನವನಗರ, ಬಾಗಲಕೋಟೆ